ಬರೆಯುವ ಮೊದಲು ತಿಂದು ನೋಡಿ

ಮೇಜಿನ ಮೇಲೆ ಒಂದು ನಿಂಬೆಹಣ್ಣು ಇಟ್ಟು ಅದರ ಚಿತ್ರ ಬರೆಯಿರಿ ಎಂದರೆ ಹೆಚ್ಚಿನವರು ಏನು ಮಾಡುತ್ತಾರೆ? ಅಂಡಾಕಾರ ಎಳೆದು, ಹಳದಿ ತುಂಬಿ, ಒಂದು ಬದಿಗೆ ನೆರಳು ಕೊಟ್ಟು, ಇನ್ನೊಂದು ಬದಿಗೆ ಬಿಳಿ ಚುಕ್ಕೆ ಇಟ್ಟು ಮುಗಿಸುತ್ತಾರೆ. ನೋಡಿದವರು ನಿಂಬೆಹಣ್ಣೆಂದು ಗುರುತು ಹಿಡಿಯುತ್ತಾರೆ, ಆದರೆ ಯಾರ ಬಾಯಲ್ಲೂ ನೀರೂರುವುದಿಲ್ಲ. ಈಗ ಅದೇ ಹಣ್ಣನ್ನು ಕೊಯ್ದು ಒಂದು ಹೋಳು ಕಚ್ಚಿ. ಹಲ್ಲು ಜುಮ್ಮೆನ್ನುತ್ತಿರುವಾಗಲೇ ಉಳಿದ ಹೋಳನ್ನು ನೋಡಿ. ರಸ ಎಲ್ಲಿ ತುಂಬಿಕೊಂಡಿದೆ, ತೊಳೆಯ ಪೊರೆ ಎಲ್ಲಿ ಬಿಗಿದಿದೆ, ಬೀಜದ ಸುತ್ತಲಿನ ಲೋಳೆ ಎಲ್ಲಿ ಮಿನುಗುತ್ತಿದೆ ಎಂದು ಕಣ್ಣು ತಾನಾಗಿಯೇ ಹುಡುಕತೊಡಗುತ್ತದೆ.

ಇವತ್ತಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ. ರಸ, ಜಿಡ್ಡು, ಗರಿಗರಿ, ಮೆತ್ತಗೆ, ಬಾಡಿದ್ದು, ಹದವಾಗಿ ಬೆಂದದ್ದು ಎಂದು ನಾಲಗೆ ಮತ್ತು ಹಲ್ಲು ಏನೇನು ಗುರುತಿಸುತ್ತವೋ ಅದೆಲ್ಲವೂ ಬೆಳಕಿನ ಎದುರು ತನ್ನದೇ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಆ ನಡವಳಿಕೆಯನ್ನು ಹಿಡಿದರೆ ಚಿತ್ರಕ್ಕೆ ರುಚಿ ಬರುತ್ತದೆ. ಅದಕ್ಕೇ ಹೇಳುವುದು, ಬರೆಯುವ ಪದಾರ್ಥವನ್ನು ಎರಡು ತನ್ನಿ, ಒಂದನ್ನು ತಿಂದು ಇನ್ನೊಂದನ್ನು ಬರೆಯಿರಿ.

ನಿಂಬೆಯಿಂದಲೇ ಶುರು ಮಾಡೋಣ. ಅಡ್ಡಕ್ಕೆ ಕೊಯ್ದು, ಸುಮಾರು 3 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ ತೆಗೆಯಿರಿ. ಬಿಳಿ ತಟ್ಟೆಯ ಮೇಲೆ ಅದನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ, ಬೆಳಕು ಹಿಂದಿನಿಂದ ಬರಲಿ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡುತ್ತಾ ಹೋಗಿ. ಮೊದಲು ಸಿಪ್ಪೆಯ ಹಳದಿ ಗೆರೆ ಸಿಗುತ್ತದೆ. ಅದರಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳಿವೆ, ಅವು ಎಣ್ಣೆಯ ಗ್ರಂಥಿಗಳು. ಸಿಪ್ಪೆ ಹಿಂಡಿದಾಗ ಮೂಗಿಗೆ ಬಡಿಯುವ ಘಮ ಅಲ್ಲಿಯದು. ಅದರೊಳಗೆ ಬಿಳಿ ಸ್ಪಂಜಿನಂಥ ಪದರ. ತಿಂದು ನೋಡಿದರೆ ಕಹಿ, ಒಣಕಲು. ಅದರ ಮೂಲಕ ಬೆಳಕು ಹಾಯುವುದು ಕಡಿಮೆ, ಹಾಗಾಗಿ ಹಿಂದಿನಿಂದ ಬೆಳಕು ಬಿದ್ದಾಗ ಈ ‘ಬಿಳಿ’ ಪದರ ತೊಳೆಗಳಿಗಿಂತ ಕಪ್ಪಾಗಿ ಕಾಣುತ್ತದೆ! ಬಹುತೇಕ ಚಿತ್ರಗಳು ಸೋಲುವುದು ಇಲ್ಲೇ. ಸಿಪ್ಪೆಯ ಒಳಭಾಗ ಬಿಳಿ ಎಂದು ತಲೆಯಲ್ಲಿ ಗೊತ್ತಿರುವುದರಿಂದ ಕೈ ಅಲ್ಲಿ ಬಿಳಿಯನ್ನೇ ಉಳಿಸಿಬಿಡುತ್ತದೆ.

ಒಳಗೆ ತೊಳೆಗಳು. ಸಾಮಾನ್ಯವಾಗಿ ಎಂಟರಿಂದ ಹತ್ತು, ಆದರೆ ಎಲ್ಲವೂ ಒಂದೇ ಗಾತ್ರದವಲ್ಲ. ಎಲ್ಲೋ ಒಂದು ತೊಳೆ ಇಕ್ಕಟ್ಟಿನಲ್ಲಿ ಸಿಕ್ಕಿ ಸಪೂರವಾಗಿರುತ್ತದೆ, ಇನ್ನೊಂದು ಬೀಜದಿಂದಾಗಿ ಉಬ್ಬಿರುತ್ತದೆ. ಎಲ್ಲವನ್ನೂ ಸಮನಾಗಿ ಹಂಚಿದರೆ ಸೈಕಲ್ ಚಕ್ರದ ಕಡ್ಡಿಗಳಂತೆ ಕಾಣುತ್ತದೆ. ಪ್ರತಿ ತೊಳೆಯೊಳಗೂ ರಸದ ಚೀಲಗಳು ಹೊರಗೋಡೆಗೆ ಅಂಟಿಕೊಂಡು ನಡುವಿನ ಕಡೆಗೆ ಚಾಚಿರುತ್ತವೆ. ಚಾಕು ಹಾಯ್ದಲ್ಲಿ ಕೆಲವು ಒಡೆದಿವೆ, ಕೆಲವು ಹಾಗೇ ಉಳಿದಿವೆ. ಒಡೆದಲ್ಲಿ ಮೇಲ್ಮೈ ಒದ್ದೆಯಾಗಿ ಮಿನುಗುತ್ತದೆ, ಉಳಿದಲ್ಲಿ ಬೆಳಕು ಒಳಹೊಕ್ಕು ಹರಡಿ ಇಡೀ ಚೀಲವೇ ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಈಗ ತಟ್ಟೆಯ ಮೇಲೆ ಬಿದ್ದ ನೆರಳನ್ನು ನೋಡಿ. ಬರೀ ಬೂದು ಅಲ್ಲ, ನೆರಳಿನ ನಡುವೆ ಹಳದಿ ಬೆಳಕಿನ ತೇಪೆಗಳಿವೆ, ತೊಳೆಗಳ ಗೆರೆಗಳೂ ಮಸುಕಾಗಿ ಮೂಡಿವೆ. ಆ ಹಳದಿ ನೆರಳೊಂದನ್ನು ಸರಿಯಾಗಿ ಬರೆದರೆ ಹೋಳಿನಲ್ಲಿ ರಸವಿದೆ ಎಂದು ನೋಡುವವರು ನಂಬುತ್ತಾರೆ.

ಜಲವರ್ಣದಲ್ಲಿ ಇದನ್ನು ಮಾಡುವ ಕ್ರಮ ಹೇಳುತ್ತೇನೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ತೆಗೆದುಕೊಳ್ಳಿ, ಅದಕ್ಕಿಂತ ತೆಳುವಾದದ್ದು ನೀರು ಕುಡಿದು ಉಬ್ಬುತ್ತದೆ. ಪೆನ್ಸಿಲಿನ ಗೆರೆ ತೀರಾ ತೆಳುವಾಗಿರಲಿ, ಹಳದಿಯ ಕೆಳಗೆ ಗ್ರಾಫೈಟ್ ಕೊಳಕಾಗಿ ಕಾಣುತ್ತದೆ. ಒದ್ದೆ ಮಿನುಗುವ ನಾಲ್ಕೈದು ಚುಕ್ಕೆಗಳನ್ನು ಮೊದಲೇ ಗುರುತಿಸಿ ಕಾಗದದ ಬಿಳಿಯನ್ನೇ ಬಿಡಿ. ಲೆಮನ್ ಯೆಲ್ಲೋದ ನೀರಾದ ವಾಶ್ (ತೆಳು ಬಣ್ಣದ ಪದರ) ಒಂದನ್ನು ಇಡೀ ಬಿಲ್ಲೆಗೆ, ನೆರಳಿನೊಳಗಿನ ತೇಪೆಗಳಿಗೂ ಸೇರಿಸಿ, ಒಂದೇ ಸಲಕ್ಕೆ ಎಳೆಯಿರಿ. ಪೂರ್ತಿ ಒಣಗಲಿ. ಎರಡನೇ ಸುತ್ತಿನಲ್ಲಿ ತೊಳೆಗಳ ಒಳಗೆ ಮಾತ್ರ, ರಸಚೀಲದ ದಿಕ್ಕಿನಲ್ಲೇ, ಸಣ್ಣ ಬ್ರಷ್‌ನಿಂದ ಇನ್ನೊಂದಿಷ್ಟು ಗಟ್ಟಿ ಹಳದಿ. ಮೂರನೆಯದು ಬಿಳಿ ಪದರದ ನೆರಳು. ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿಗೆ ತುಸು ನೇರಳೆ ಬೆರೆಸಿ. ಕಪ್ಪು ಬೆರೆಸಲೇಬೇಡಿ. ಹಳದಿಗೆ ಕಪ್ಪು ಸೇರಿದರೆ ಪಾಚಿಹಸಿರು ಬರುತ್ತದೆ, ಹಣ್ಣು ಕೊಳೆತಂತೆ ಕಾಣುತ್ತದೆ. ನೇರಳೆ ಜಾಸ್ತಿಯಾದರೂ ಕೆಸರಾಗುತ್ತದೆ, ಬ್ರಷ್ ತುದಿಗೆ ಹತ್ತುವಷ್ಟು ಸಾಕು. ಮೊದಲ ವಾಶ್ ಒಣಗುವ ಮೊದಲೇ ಎರಡನೆಯದನ್ನು ಹಚ್ಚಿದರೆ ತೊಳೆಗಳ ನಡುವಿನ ಗೆರೆ ಕರಗಿ ಎಲ್ಲವೂ ಒಂದೇ ಹಳದಿ ಮುದ್ದೆ. ಈ ಕೆಲಸದಲ್ಲಿ ಅವಸರ ಮಾಡಿದವರು ಕೆಡಿಸುವುದು ಹೆಚ್ಚಾಗಿ ಈ ಹಂತದಲ್ಲಿ.

ಇನ್ನು ಹೊಳಪಿನ ಮಾತು. ಎಲ್ಲ ಪದಾರ್ಥಕ್ಕೂ ಒಂದೇ ಬಿಳಿ ಚುಕ್ಕೆ ಇಡುವ ಚಟ ಬಿಡಬೇಕು. ಟೊಮೆಟೊದ ಮೇಲಿನ ಹೈಲೈಟ್ ಟೊಮೆಟೊದ ಬಣ್ಣದ್ದಲ್ಲ, ಕಿಟಕಿಯದು. ನುಣುಪಾದ ಸಿಪ್ಪೆ ಕನ್ನಡಿಯಂತೆ ಬೆಳಕಿನ ಮೂಲವನ್ನೇ ತೋರಿಸುತ್ತದೆ. ಕಿಟಕಿಯಲ್ಲಿ ಆಕಾಶ ಕಂಡರೆ ಹೈಲೈಟ್ ತುಸು ನೀಲಿ, ಬಲ್ಬ್ ಇದ್ದರೆ ತುಸು ಕೇಸರಿ. ಕೆಂಪಿಗೆ ಬಿಳಿ ಬೆರೆಸಿ ಗುಲಾಬಿ ಚುಕ್ಕೆ ಇಟ್ಟರೆ ಟೊಮೆಟೊ ಪ್ಲಾಸ್ಟಿಕ್ಕಿನದ್ದಾಗುತ್ತದೆ.

ಬದನೆಕಾಯಿ ಇದನ್ನು ಕಲಿಯಲು ಒಳ್ಳೆಯ ಗುರು. ಗಾಢ ನೇರಳೆ ಸಿಪ್ಪೆಯ ಮೇಲೆ ಉದ್ದಕ್ಕೆ ಹರಿಯುವ ಒಂದು ತಣ್ಣಗಿನ ಹೊಳಪಿನ ಪಟ್ಟಿ, ಅಂಚು ಚಾಕುವಿನಂತೆ ಚೂಪು. ಕಾಯಿ ತಾಜಾ ಎಂಬುದಕ್ಕೆ ಆ ಚೂಪೇ ಸಾಕ್ಷಿ. ಎರಡು ದಿನ ಬಿಟ್ಟು ನೋಡಿ, ನೀರು ಆರಿ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಕ್ಕುಗಳು ಬಿದ್ದಿರುತ್ತವೆ. ಸುಕ್ಕು ಕಾಣುವ ಮೊದಲೇ ಹೊಳಪಿನ ಅಂಚು ಒಡೆದು ಮಸುಕಾಗಿರುತ್ತದೆ. ಅಡುಗೆ ಮಾಡುವವರು ಕಾಯಿ ಆರಿಸುವಾಗ ಅರಿವಿಲ್ಲದೇ ನೋಡುವುದು ಇದನ್ನೇ. ಇನ್ನೊಂದು ವಿಷಯ, ತೊಟ್ಟಿನ ಹಸಿರು ಟೊಪ್ಪಿಗೆಯನ್ನು ಸ್ವಲ್ಪ ಎತ್ತಿ ನೋಡಿ. ಹಲವು ತಳಿಗಳಲ್ಲಿ ಅದರ ಕೆಳಗಿನ ಸಿಪ್ಪೆ ಬಿಳಿ ಅಥವಾ ತಿಳಿ ಹಸಿರು, ಯಾಕೆಂದರೆ ಆ ನೇರಳೆ ಬಣ್ಣ ಮೂಡಲು ಬಿಸಿಲು ಬೇಕು. ಟೊಪ್ಪಿಗೆಯ ಅಂಚಿನಲ್ಲಿ ಇಣುಕುವ ಆ ತೆಳು ಬಿಳಿ ಗೆರೆ ಬರೆದರೆ ಕಾಯಿಗೂ ತೊಟ್ಟಿಗೂ ಜೀವದ ನಂಟು ಬರುತ್ತದೆ. ಬಿಟ್ಟರೆ ಟೊಪ್ಪಿಗೆಯನ್ನು ಮೇಲಿಂದ ಅಂಟಿಸಿದಂತಿರುತ್ತದೆ. ಸಿಪ್ಪೆಯ ಕಡುಬಣ್ಣಕ್ಕೂ ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ, ಅಲಿಝರಿನ್ ಕ್ರಿಮ್ಸನ್ ಕೆಂಪು, ಚೂರು ಬರ್ಂಟ್ ಸಿಯೆನ್ನಾ ಕಂದು ಸೇರಿಸಿದರೆ ಕಪ್ಪಿಗಿಂತ ಆಳವಾದ ಕಪ್ಪು ಸಿಗುತ್ತದೆ.

ದ್ರಾಕ್ಷಿ ಇದಕ್ಕೆ ವಿರುದ್ಧ. ಅದರ ಮೇಲೆ ಬೂದಿ ಬಣ್ಣದ ಮೇಣದ ಪುಡಿಯಂಥ ಲೇಪ ಇರುತ್ತದೆ. ಬೆರಳು ತಾಗಿದಲ್ಲಿ ಅದು ಅಳಿಸಿ ಹೋಗಿ ಕಪ್ಪಗೆ ಹೊಳೆಯುವ ಗುರುತು ಉಳಿಯುತ್ತದೆ. ಆದ್ದರಿಂದ ಬರೆಯಬೇಕಾದ ಗೊಂಚಲನ್ನು ತೊಟ್ಟು ಹಿಡಿದೇ ಎತ್ತಿ, ತೊಳೆಯಬೇಡಿ. ಬರೆಯುವಾಗ ಮೊದಲು ಒಳಗಿನ ಕಡುಬಣ್ಣ, ಅದು ಒಣಗಿದ ಮೇಲೆ ಅರೆ ಒಣಗಿದ ಬ್ರಷ್‌ನಿಂದ ತಿಳಿ ನೀಲಿಬೂದು. ಈ ಕ್ರಮವನ್ನು ತಿರುವಿದರೆ ಲೇಪ ಒಳಗೆ ಸೇರಿ ಮಂಕಾಗುತ್ತದೆ.

ನೀರಿನ ಹನಿಯನ್ನು ಬಹಳ ಜನ ತಲೆಕೆಳಗಾಗಿ ಬರೆಯುತ್ತಾರೆ. ಬೆಳಕು ಎಡದಿಂದ ಬಂದರೆ ಹನಿಯ ಎಡಬದಿಯ ಒಳಭಾಗ ಕಪ್ಪು, ಅದರ ಮೇಲೆ ಒಂದು ಚೂಪು ಬಿಳಿ ಚುಕ್ಕೆ. ಬಲಬದಿಯ ಒಳಭಾಗ ಬೆಳಗುತ್ತದೆ, ಏಕೆಂದರೆ ಬೆಳಕು ಹನಿಯನ್ನು ಹಾಯ್ದು ಅಲ್ಲಿ ಸೇರುತ್ತದೆ. ಹನಿಯ ನೆರಳಿನ ನಡುವೆಯೂ ಒಂದು ಬೆಳಗು ಇರುತ್ತದೆ.

ಒಗರಿಗೆ ಏನು ರೂಪ ಎಂದು ಯೋಚಿಸಿದ್ದೀರಾ? ನಮ್ಮ ಭಾಷೆಯಲ್ಲಿ ಇಂಥದ್ದೊಂದು ಚೊಕ್ಕ ಪದ ಇದೆ ಅನ್ನುವುದೇ ಸಂತೋಷ. ಬಲಿಯದ ಬಾಳೆಕಾಯಿ, ದಾಳಿಂಬೆಯ ಒಳಪೊರೆ ಕಚ್ಚಿ ನೋಡಿ. ಬಾಯಿ ಒಣಗಿ ನಾಲಗೆ ಒರಟಾದಂತೆ ಅನ್ನಿಸುತ್ತದೆ. ಅದರಲ್ಲಿರುವ ಟ್ಯಾನಿನ್ ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಂಡು ಬಾಯಿಯ ಜಾರುವಿಕೆಯನ್ನು ಕಸಿಯುವುದರಿಂದ ಹಾಗೆ. ದಾಳಿಂಬೆಯನ್ನು ಬರೆಯುವಾಗ ಈ ಅನುಭವ ನೇರ ಉಪಯೋಗಕ್ಕೆ ಬರುತ್ತದೆ. ಕಾಳುಗಳಿಗೆ ಒದ್ದೆ ಬಣ್ಣ, ಚೂಪು ಹೊಳಪು. ಪೊರೆಗೆ ಒಣ ಬ್ರಷ್, ಕಾಗದದ ತರಿ ಎದ್ದು ಕಾಣುವಂತೆ, ಹೊಳಪೇ ಇಲ್ಲದೆ. ಪಕ್ಕಪಕ್ಕದಲ್ಲಿ ಈ ಎರಡೂ ಇದ್ದಾಗ ಕಾಳಿನ ರಸ ಎರಡರಷ್ಟಾಗಿ ಕಾಣುತ್ತದೆ.

ಪದಾರ್ಥವನ್ನು ಅಡ್ಡಕ್ಕೂ ಉದ್ದಕ್ಕೂ ಕೊಯ್ದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸೇಬನ್ನು ಅಡ್ಡಕ್ಕೆ ಕೊಯ್ದರೆ ಐದು ಮೂಲೆಯ ನಕ್ಷತ್ರ, ಬೆಂಡೆಯಲ್ಲಿ ಸಾಮಾನ್ಯವಾಗಿ ಐದು ಕೋಣೆ, ಸೌತೆ ಮತ್ತು ಬಾಳೆಯಲ್ಲಿ ಮೂರರ ಲೆಕ್ಕ. ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದರೆ ಬಳೆಗಳು, ಉದ್ದಕ್ಕೆ ಕೊಯ್ದರೆ ಎಲ್ಲ ಪದರಗಳೂ ಬುಡದ ಒಂದೇ ಬಿಲ್ಲೆಯಿಂದ ಎದ್ದು ಮೇಲೆ ಕೂಡಿಕೊಳ್ಳುವ ಜ್ವಾಲೆ. ಮೆಣಸಿನಕಾಯಿಯನ್ನು ಸೀಳಿದರೆ ಬೀಜಗಳನ್ನು ಹಿಡಿದುಕೊಂಡಿರುವ ತಿಳಿಬಣ್ಣದ ದಿಂಡು ಕಾಣುತ್ತದೆ. ಕಾರ ಇರುವುದು ಬೀಜದಲ್ಲಿ ಎಂದು ಎಲ್ಲರೂ ಹೇಳುತ್ತಾರೆ, ನಿಜಕ್ಕೂ ಕ್ಯಾಪ್ಸೈಸಿನ್ ತಯಾರಾಗುವುದು ಆ ದಿಂಡಿನಲ್ಲಿ. ಬೀಜಕ್ಕೆ ಅಂಟುವುದು ಅಲ್ಲಿಂದಲೇ. ಇದು ಗೊತ್ತಿದ್ದವರು ಕಾಯಿಯನ್ನು ಸೀಳಿ ಬರೆದಾಗ ಗಮನ ಸೆಳೆಯುವ ಗೆರೆಯನ್ನು ಎಲ್ಲಿಡಬೇಕೆಂದು ಅನುಮಾನಿಸುವುದಿಲ್ಲ. ಬರೆದಾದ ಮೇಲೆ ಸೋಪಿನಿಂದ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಈಗ ಒಲೆಯ ಹತ್ತಿರ ಹೋಗೋಣ. ಒಲೆಯ ಮೇಲೆ ನಡೆಯುವುದೂ ಬಣ್ಣ ಬೆರೆಸುವ ಕೆಲಸವೇ. ಹಸಿರು ಬೀನ್ಸನ್ನು ಕುದಿಯುವ ನೀರಿಗೆ ಹಾಕಿ ಒಂದೆರಡು ನಿಮಿಷ ಬಿಟ್ಟರೆ ಹಸಿಯಾಗಿದ್ದಾಗಿನದಕ್ಕಿಂತಲೂ ಹೊಳೆಯುವ ಹಸಿರಾಗುತ್ತದೆ. ಜೀವಕೋಶಗಳ ನಡುವಿನ ಗಾಳಿ ಹೊರಹೋಗಿ ಮಂಜು ಸರಿದಂತಾಗುವುದೇ ಕಾರಣ. ತಕ್ಷಣ ತಣ್ಣೀರಿಗೆ ಹಾಕಿದರೆ ಆ ಹಸಿರು ನಿಲ್ಲುತ್ತದೆ. ಹತ್ತು ನಿಮಿಷ ಬೇಯಿಸಿದರೆ, ಅಥವಾ ನಿಂಬೆರಸ ಹಿಂಡಿದರೆ, ಕ್ಲೋರೋಫಿಲ್‌ನೊಳಗಿನ ಮೆಗ್ನೀಸಿಯಮ್ ಹೊರಬಿದ್ದು ಕಂದುಹಸಿರಾಗುತ್ತದೆ. ಪ್ಯಾಲೆಟ್ಟಿನ ಮೇಲೂ ಇದೇ ದಾರಿ. ಗರಿಗರಿ ಹಸಿರಿಗೆ ಲೆಮನ್ ಯೆಲ್ಲೋ ಮತ್ತು ತುಸು ಥಾಲೋ ಗ್ರೀನ್, ಬೆಂದು ಮೆತ್ತಗಾದ ಹಸಿರಿಗೆ ಅದೇ ಮಿಶ್ರಣಕ್ಕೆ ಒಂದು ಚಿಟಿಕೆ ಬರ್ಂಟ್ ಸಿಯೆನ್ನಾ. ಒಂದು ಚಿಟಿಕೆಯಲ್ಲಿ ಹಲ್ಲಿಗೆ ಸಿಗುವ ಶಬ್ದವೇ ಬದಲಾಗಿಬಿಡುತ್ತದೆ.

ಕೆಂಪು ಎಲೆಕೋಸಿನ ಒಂದು ಪ್ರಯೋಗ ಮಕ್ಕಳಿಗೂ ಮಾಡಿ ತೋರಿಸಬಹುದು. ಸುಮಾರು 100 ಗ್ರಾಂ ಕೋಸನ್ನು ಸಣ್ಣಗೆ ಹೆಚ್ಚಿ 250 ಮಿಲಿಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ನೇರಳೆ ನೀರು ಸಿಗುತ್ತದೆ. ಮೂರು ಬಟ್ಟಲಿಗೆ ಹಂಚಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ. ನಿಂಬೆ ಬಿದ್ದದ್ದು ಗುಲಾಬಿಗೆಂಪು, ಸೋಡಾ ಬಿದ್ದದ್ದು ನೀಲಿ, ಸೋಡಾ ಹೆಚ್ಚಾದರೆ ಹಸಿರು. ಆಂಥೋಸಯನಿನ್ ಎಂಬ ಒಂದೇ ವರ್ಣದ್ರವ್ಯದ ಆಟ ಇದು. ನಾಲಗೆಗೆ ಹುಳಿ ಎನಿಸಿದ್ದು ಇಲ್ಲಿ ಕಣ್ಣಿಗೆ ಗುಲಾಬಿಯಾಗಿ ಕಾಣುತ್ತದೆ. ಈ ನೀರನ್ನು ಕಾಗದಕ್ಕೆ ಹಚ್ಚಿದರೆ ಚೆಂದ ಕಾಣುತ್ತದೆ, ಆದರೆ ಉಳಿಯುವ ಚಿತ್ರಕ್ಕೆ ಬಳಸಬೇಡಿ. ಕೋಸು, ಬೀಟ್‌ರೂಟ್, ಅರಿಸಿನ ಮೂರೂ ಬೆಳಕಿಗೆ ಬೇಗ ಮಂಕಾಗುತ್ತವೆ.

ಅಡುಗೆಮನೆಯಿಂದ ಬಂದು ಶತಮಾನಗಳ ಕಾಲ ಉಳಿದದ್ದು ಮೊಟ್ಟೆಯ ಹಳದಿ. ಎಗ್ ಟೆಂಪೆರಾ ಎಂದು ಕೇಳಿರುತ್ತೀರಿ, ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿ ಬರೆಯುವ ವಿಧಾನ. ಮಾತು ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಿಬಿಡುತ್ತೇನೆ. ಹಳದಿಯನ್ನು ಬೇರ್ಪಡಿಸಿ, ಟಿಶ್ಯೂ ಕಾಗದದ ಮೇಲೆ ಉರುಳಿಸಿ ಬಿಳಿಯನ್ನೆಲ್ಲ ತೆಗೆಯಿರಿ. ಪೊರೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಕೆಳಗೆ ಚುಚ್ಚಿ, ಒಳಗಿನದ್ದು ಬಟ್ಟಲಿಗೆ ಇಳಿಯಲಿ, ಪೊರೆ ಎಸೆಯಿರಿ. ಅಷ್ಟೇ ಪ್ರಮಾಣದ ನೀರು ಬೆರೆಸಿ. ನೀರಲ್ಲಿ ಅರೆದ ಬಣ್ಣದ ಪುಡಿಗೆ ಇದನ್ನು ಸಮಸಮ ಸೇರಿಸಿ. ಹಳದಿ ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಬೆರಳಿಗೆ ಪುಡಿಯಾಗಿ ಬರುತ್ತದೆ, ಹೆಚ್ಚಾದರೆ ಜಿಡ್ಡಾಗುತ್ತದೆ. ಕ್ಷಣಗಳಲ್ಲಿ ಒಣಗುವುದರಿಂದ ಸಣ್ಣ ಸಣ್ಣ ಗೆರೆಗಳಲ್ಲೇ ಕಟ್ಟಬೇಕು. ದಿನದ ಮಿಶ್ರಣ ಆ ದಿನಕ್ಕೇ, ಮರುದಿನ ವಾಸನೆ ಬರುತ್ತದೆ.

ಬ್ರೆಡ್ಡಿನ ಹೊರಪದರಕ್ಕೆ ಬನ್ನಿ. ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದುಬಣ್ಣ ಮತ್ತು ಘಮ ಎರಡೂ ಚುರುಕಾಗಿ ಹುಟ್ಟುತ್ತವೆ. ಎರಡೂ ಒಂದೇ ಕ್ರಿಯೆಯ ಮಕ್ಕಳು, ಹಾಗಾಗಿ ಕಂದಿನ ಪ್ರತಿ ಮೆಟ್ಟಿಲಿಗೂ ಒಂದು ರುಚಿ ಇದೆ. ತಿಳಿ ಕಂದು ಹಾಲಿನ ಸಿಹಿ, ನಡುವಿನದು ಹುರಿದ ಕಾಳಿನ ಘಮ, ಅಂಚಿನ ಕಪ್ಪು ಕಹಿ. ಇಡೀ ಬ್ರೆಡ್ಡಿಗೆ ಒಂದೇ ಕಂದು ಹಚ್ಚಿದರೆ ರಟ್ಟಿನ ಪೆಟ್ಟಿಗೆ. ಉಬ್ಬಿದಲ್ಲಿ ಗಾಢ, ಸೀಳಿ ಬಿರಿದಲ್ಲಿ ತಿಳಿ, ಅಂಚಿನಲ್ಲಿ ಒಂದೆರಡು ಕಡೆ ಮಾತ್ರ ಕಪ್ಪು. ಅದರ ನೆರಳಿಗೆ ನೀಲಿಯನ್ನು ಎಚ್ಚರದಿಂದ ಹಾಕಿ, ನೀಲಿ ಹಸಿರಿನ ಕಡೆ ತುಸು ವಾಲಿದರೂ ಬೂಷ್ಟು ಹಿಡಿದಂತೆ ಕಾಣುತ್ತದೆ.

ಬಣ್ಣ ನಾಲಗೆಯನ್ನು ಎಷ್ಟು ಆಳುತ್ತದೆ ಎಂಬುದಕ್ಕೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿಷಯವನ್ನೇ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅದರ ಪರಿಮಳವನ್ನು ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಕಲಿತವರ ನಾಲಗೆ ಮೂಗುಗಳೇ ಹಾಗೆ ಬಣ್ಣದ ಹಿಂದೆ ಹೋಗುವುದಾದರೆ, ಚಿತ್ರದಲ್ಲಿ ನಾವು ಬೆರೆಸುವ ಒಂದು ಹನಿ ನೀಲಿಯ ಹೊಣೆ ಎಷ್ಟು ದೊಡ್ಡದು ನೋಡಿ.

ಒಂದು ಅಭ್ಯಾಸ ಕೊಡುತ್ತೇನೆ. ಐದು ಪದಾರ್ಥ: ನಿಂಬೆ, ಜೇನು, ಸಕ್ಕರೆಯಿಲ್ಲದ ಕಾಫಿ, ಮೆಣಸಿನಕಾಯಿಯ ಒಂದು ಚೂರು, ಸುಟ್ಟ ಬ್ರೆಡ್ಡಿನ ಅಂಚು. ಪ್ರತಿಯೊಂದಕ್ಕೂ 15 ಸೆಂಟಿಮೀಟರ್ ಉದ್ದದ ಒಂದು ಅಡ್ಡಗೆರೆ ಎಳೆಯಿರಿ, ಒಂದು ಸೆಂಟಿಮೀಟರಿಗೆ ಎರಡು ಸೆಕೆಂಡ್. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡು ರುಚಿ ಏರುವ, ನಿಲ್ಲುವ, ಇಳಿಯುವ ರೀತಿಯನ್ನು ಪೆನ್ಸಿಲಿನಿಂದ ಆ ಗೆರೆಯ ಮೇಲೆ ಬರೆಯುತ್ತಾ ಹೋಗಿ. ನಿಂಬೆ ತಟ್ಟನೆ ಏರಿ ತಟ್ಟನೆ ಇಳಿಯುವ ಮುಳ್ಳು. ಕಾಫಿಯ ಕಹಿ ತಡವಾಗಿ ಬಂದು ಹಿಂದೆ ಉಳಿಯುವ ಬಾಲ. ಮೆಣಸು ಕಾಗದ ಮುಗಿದರೂ ಮುಗಿಯದು, ಅದು ಉರಿಯ ನರಗಳನ್ನು ತಟ್ಟುವಂಥದ್ದು, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಡುನಡುವೆ ನೀರು ಮುಕ್ಕಳಿಸಿ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಒಂದರ ಬಾಲ ಇನ್ನೊಂದರ ತಲೆಗೆ ಸೇರುತ್ತದೆ. ಸಿಹಿಗೆ ದುಂಡು, ಹುಳಿಗೆ ಚೂಪು ಆಕಾರವನ್ನು ಜನ ಜೋಡಿಸುತ್ತಾರೆಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ನಿಮ್ಮ ಗೆರೆಗಳಲ್ಲೂ ಅದು ಬರಬಹುದು. ಬರದಿದ್ದರೆ ನಿಮ್ಮ ನಾಲಗೆಯನ್ನೇ ನಂಬಿ.

ಹಿರಿಯರಿಂದ ಕಲಿಯುವುದು ಬೇಕಾದಷ್ಟಿದೆ. ಮಿಲಾನಿನ ಆಂಬ್ರೋಸಿಯಾನ ಚಿತ್ರಶಾಲೆಯಲ್ಲಿರುವ, ಸುಮಾರು 1599ರ, ಇಟಲಿಯ ಚಿತ್ರಕಾರ ಕ್ಯಾರವಾಜಿಯೋನ ಹಣ್ಣಿನ ಬುಟ್ಟಿಯ ಚಿತ್ರದಲ್ಲಿ ಸೇಬಿಗೆ ಹುಳು ಕೊರೆದ ತೂತಿದೆ, ಎಲೆಗಳು ಬಾಡಿ ಸುರುಟಿವೆ. ಹುಳು ತಿಂದದ್ದನ್ನು ಕಂಡಾಗಲೇ ಉಳಿದ ಹಣ್ಣುಗಳ ಸಿಹಿ ನಮಗೆ ತಟ್ಟುವುದು. ಸ್ಪೇನಿನ ಸಾಂಚೆಸ್ ಕೋತಾನ್ ಸುಮಾರು 1602ರಲ್ಲಿ ಕ್ವಿನ್ಸ್ ಹಣ್ಣು ಮತ್ತು ಎಲೆಕೋಸನ್ನು ದಾರದಲ್ಲಿ ತೂಗುಹಾಕಿ, ಕರಬೂಜದ ಹೋಳು ಮತ್ತು ಸೌತೆಯನ್ನು ಕಟ್ಟೆಯ ಅಂಚಿಗಿಟ್ಟು, ಹಿಂದೆಲ್ಲ ಕಗ್ಗತ್ತಲೆ ಬಿಟ್ಟ. ನಾಲ್ಕೇ ವಸ್ತು, ನಡುವಿನ ಖಾಲಿಯೇ ಚಿತ್ರ. ಅಮೆರಿಕದ ವೇಯ್ನ್ ಥೀಬೊ 1963ರ ಕೇಕುಗಳ ಚಿತ್ರದಲ್ಲಿ ತೈಲವರ್ಣವನ್ನು ಕೇಕಿನ ಮೇಲಿನ ಕ್ರೀಮಿನಂತೆಯೇ ದಪ್ಪಗೆ ಬಳಿದಿದ್ದಾನೆ, ಬಣ್ಣವೇ ಪದಾರ್ಥವಾಗಿದೆ. ಅಂಚುಗಳಲ್ಲಿ ನೀಲಿ, ಕೇಸರಿ ಗೆರೆಗಳು ಮಿಡಿಯುತ್ತವೆ. ಫ್ರಾನ್ಸಿನ ಚಿತ್ರಕಾರ ಮಾನೆಯ ಕತೆಯನ್ನು ಬಿಡಲಾಗದು. 1880ರಲ್ಲಿ ಆಸ್ಪರಾಗಸ್ ಎಂಬ ದಂಟು ತರಕಾರಿಯ ಕಟ್ಟೊಂದನ್ನು ಬರೆದು 800 ಫ್ರಾಂಕ್ ಕೇಳಿದ, ಕೊಂಡ ಶಾರ್ಲ್ ಎಫ್ರುಸಿ 1000 ಕಳಿಸಿದ. ಮಾನೆ ಒಂದೇ ಒಂದು ಆಸ್ಪರಾಗಸ್ ದಂಟಿನ ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಒಂದು ಕಡಿಮೆಯಿತ್ತು ಎಂದು ಚೀಟಿ ಬರೆದು ಕಳಿಸಿದ. ನನ್ನ ಕಣ್ಣಿಗೆ ಆ ಒಂಟಿ ದಂಟೇ ಕಟ್ಟಿಗಿಂತ ಮಿಗಿಲು.

ಕೆಲಸದ ಕ್ರಮದಲ್ಲಿ ಕಾಲದ ಲೆಕ್ಕ ಮುಖ್ಯ. ಕೊಯ್ದ ಸೇಬು ಹತ್ತು ನಿಮಿಷದಲ್ಲೇ ಕಂದಾಗತೊಡಗುತ್ತದೆ. ನಿಂಬೆರಸ ಸವರಿದರೆ ಸ್ವಲ್ಪ ತಡೆಯುತ್ತದೆ, ಆದರೆ ಮೇಲ್ಮೈ ಒದ್ದೆಯಾಗಿ ಹೊಳಪು ಬದಲಾಗುತ್ತದೆ ಎಂಬುದು ನೆನಪಿರಲಿ. ಸೊಪ್ಪು ಅರ್ಧ ಗಂಟೆಯಲ್ಲಿ ತಲೆ ಬಾಗಿಸುತ್ತದೆ, ದಂಟನ್ನು ನೀರಿಗಿಟ್ಟು ಕೊನೆಗಳಿಗೆಯಲ್ಲಿ ತೆಗೆಯಿರಿ. ಬಿಸಿ ಪದಾರ್ಥದ ಮೇಲಿನ ಎಣ್ಣೆ ಆರುತ್ತಿದ್ದಂತೆ ಮಂಕಾಗುತ್ತದೆ. ಆದ್ದರಿಂದ ಮೊದಲು ಕೊಯ್ದದ್ದು, ಆಮೇಲೆ ಸೊಪ್ಪು, ಆಮೇಲೆ ಇಡೀ ಹಣ್ಣು, ಕೊನೆಗೆ ತಟ್ಟೆ ಬಟ್ಟಲು. ಬೆಳಕು ಒಂದೇ ಕಡೆಯಿಂದ, ಪಕ್ಕದಿಂದ ಅಥವಾ ತುಸು ಹಿಂದಿನಿಂದ ಬರಲಿ. ನೇರ ಎದುರಿನ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಗ್ಲಿಸರಿನ್ ಸಿಂಪಡಿಸಿ ಹನಿ ನಿಲ್ಲಿಸಿದ ಪದಾರ್ಥವನ್ನೂ, ಬಣ್ಣದ ನೀರು ಸಿಡಿದ ಪದಾರ್ಥವನ್ನೂ ತಿನ್ನಬೇಡಿ. ತಿನ್ನುವ ತಟ್ಟೆ ಬೇರೆ, ಬರೆಯುವ ತಟ್ಟೆ ಬೇರೆ ಇರಲಿ.

ಊಟ ಮುಗಿದ ತಟ್ಟೆಯನ್ನು ಎತ್ತುವ ಮೊದಲು ಇಪ್ಪತ್ತು ನಿಮಿಷ ಕೊಡಿ. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವಿಲ್ಲೆಮ್ ಕ್ಲಾಸ್ ಹೇಡಾ ಅರ್ಧ ತಿಂದ ಪದಾರ್ಥ, ಮಗುಚಿದ ಬಟ್ಟಲು, ಸುರುಳಿಯಾಗಿ ಇಳಿಬಿದ್ದ ನಿಂಬೆ ಸಿಪ್ಪೆಗಳನ್ನು ಬೂದುಕಂದಿನ ಕೆಲವೇ ಛಾಯೆಗಳಲ್ಲಿ ಬರೆಯುತ್ತಿದ್ದ. ನೀವೂ ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ಮೂರೇ ಬಣ್ಣ ಇಟ್ಟುಕೊಳ್ಳಿ. ಚಮಚ ಎಳೆದ ಗೀರು, ರಸ ಒಣಗಿ ಅಂಚಿನಲ್ಲಿ ಗಾಢವಾದ ಕಲೆ, ಹಲ್ಲಿನ ಗುರುತು ಉಳಿದ ಬ್ರೆಡ್ಡಿನ ತುಂಡು. ಕಲೆಯ ಅಂಚು ಒಳಗಿಗಿಂತ ಕಪ್ಪಗಿರುತ್ತದೆ, ದ್ರವ ಒಣಗುವಾಗ ತನ್ನಲ್ಲಿದ್ದುದನ್ನು ಅಂಚಿಗೆ ಕೊಂಡೊಯ್ದು ಬಿಡುತ್ತದೆ. ಜಲವರ್ಣದ ಹನಿಯೂ ಕಾಗದದ ಮೇಲೆ ಒಣಗುವುದು ಹಾಗೆಯೇ. ಆದ್ದರಿಂದ ಆ ಕಲೆಯನ್ನು ಬ್ರಷ್‌ನಿಂದ ತಿದ್ದಲು ಹೋಗದೆ, ಒಂದು ತುಂಬು ಹನಿ ಬಣ್ಣವನ್ನು ಕಾಗದದ ಮೇಲೆ ಇಟ್ಟು, ಹಾಳೆ ಅಲುಗಿಸದೆ ಒಣಗಲು ಬಿಡಿ.